ಜಾವಾಸ್ಕ್ರಿಪ್ಟ್‌ನಲ್ಲಿ ಮೌಲ್ಯಗಳ ಟೈಪ್ ತಪಾಸಣೆ

ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಕೈಗೆ ಬಂದ ಮೌಲ್ಯ ಸಂಖ್ಯೆಯೋ, ಸ್ಟ್ರಿಂಗೋ, ಅರೇಯೋ, ಫಂಕ್ಷನ್ನೋ, ಏನೂ ಇಲ್ಲದ ಖಾಲಿಯೋ ಎಂಬುದನ್ನು ಬಳಸುವ ಮೊದಲು ಖಚಿತಪಡಿಸಿಕೊಳ್ಳುವ ಕೆಲಸವನ್ನು ಟೈಪ್ ತಪಾಸಣೆ ಎನ್ನುತ್ತಾರೆ. ಜಾವಾದಂಥ ಭಾಷೆಗಳಲ್ಲಿ ಈ ಕೆಲಸದ ಬಹುಪಾಲನ್ನು ಕಂಪೈಲರ್ ಮಾಡಿ ಮುಗಿಸುತ್ತದೆ. ವೇರಿಯಬಲ್ ಘೋಷಿಸುವಾಗಲೇ ಅದರಲ್ಲಿ ಏನಿರಬೇಕೆಂದು ಬರೆದಿರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗೆ ಟೈಪ್ ಇಲ್ಲ, ಅದು ಹಿಡಿದಿರುವ ಮೌಲ್ಯಕ್ಕೆ ಮಾತ್ರ ಇದೆ. ಒಂದು ಸಾಲಿನಲ್ಲಿ ಸಂಖ್ಯೆಯನ್ನು ಹಿಡಿದಿದ್ದ ಹೆಸರು ಮುಂದಿನ ಸಾಲಿನಲ್ಲಿ ಸ್ಟ್ರಿಂಗನ್ನು ಹಿಡಿಯಬಹುದು, ಭಾಷೆ ಆಕ್ಷೇಪಿಸುವುದಿಲ್ಲ. ಹಾಗಾಗಿ ಖಚಿತಪಡಿಸಿಕೊಳ್ಳುವ ಹೊಣೆ ಪ್ರೋಗ್ರಾಮ್ ಬರೆಯುವವರ ಮೇಲೆ ಬೀಳುತ್ತದೆ.

ಮೇಲ್ನೋಟಕ್ಕೆ ಒಂದೇ ಪ್ರಶ್ನೆಯಂತೆ ಕಾಣುವ ಇದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಈ ಮೌಲ್ಯ ಭಾಷೆಯ ಯಾವ ಮೂಲ ಬಗೆಗೆ ಸೇರಿದ್ದು? ಯಾವ ಕ್ಲಾಸಿನಿಂದ ಹುಟ್ಟಿದ್ದು? ಇದರಿಂದ ನನಗೆ ಬೇಕಾದ ಕೆಲಸ ಆಗುತ್ತದೆಯೇ? ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಸಲಕರಣೆಗಳಿವೆ. ಒಂದು ಪ್ರಶ್ನೆಗೆಂದು ಮಾಡಿದ ಸಲಕರಣೆಯಿಂದ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ಈ ಭಾಷೆಯ ಹೆಸರುವಾಸಿ ದೋಷಗಳಲ್ಲಿ ಹೆಚ್ಚಿನವು ಹುಟ್ಟಿಕೊಂಡಿವೆ.

ಹಿನ್ನೆಲೆ

ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಈ ಭಾಷೆಯ ಮೊದಲ ರೂಪವನ್ನು 10 ದಿನಗಳಲ್ಲಿ ಸಿದ್ಧಪಡಿಸಿದರು. ಆಗ ಅದರ ಹೆಸರು ಮೋಕಾ. ನಂತರ ಲೈವ್‌ಸ್ಕ್ರಿಪ್ಟ್ ಆಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಎಂದು ಪ್ರಕಟವಾಯಿತು. ವೆಬ್ ಪುಟಕ್ಕೆ ಒಂದಿಷ್ಟು ಚಲನೆ ತರುವುದು, ಫಾರ್ಮ್‌ನಲ್ಲಿ ತುಂಬಿದ್ದನ್ನು ಸರ್ವರ್‌ಗೆ ಕಳಿಸುವ ಮೊದಲೇ ಪರಿಶೀಲಿಸುವುದು ಆಗಿನ ಉದ್ದೇಶವಾಗಿತ್ತು. ವೃತ್ತಿಪರ ಪ್ರೋಗ್ರಾಮರ್ ಅಲ್ಲದವರೂ ಬರೆಯುವಂತಿರಬೇಕು ಎಂದುಕೊಂಡಿದ್ದರಿಂದ, ಟೈಪ್ ಹೊಂದದಿದ್ದರೂ ಭಾಷೆ ದೋಷ ಎತ್ತಿ ತೋರಿಸದೆ ಹೇಗೋ ಹೊಂದಿಸಿಕೊಂಡು ಮುಂದೆ ಸಾಗುವ ಸ್ವಭಾವ ಪಡೆಯಿತು.

ಈ ಸ್ವಭಾವದ ಪರಿಣಾಮ ಇಂದಿಗೂ ಉಳಿದಿದೆ. "5" ಎಂಬ ಸ್ಟ್ರಿಂಗ್‌ಗೆ 1 ಕೂಡಿಸಿದರೆ "51" ಬರುತ್ತದೆ, ಅದೇ ಸ್ಟ್ರಿಂಗ್‌ನಿಂದ 1 ಕಳೆದರೆ 4 ಬರುತ್ತದೆ. ಕೂಡುವ ಚಿಹ್ನೆಗೆ ಸ್ಟ್ರಿಂಗ್‌ಗಳನ್ನು ಜೋಡಿಸುವ ಕೆಲಸವೂ ಇದೆ, ಕಳೆಯುವ ಚಿಹ್ನೆಗೆ ಅಂಥ ಎರಡನೇ ಕೆಲಸವಿಲ್ಲ ಎಂಬುದಷ್ಟೇ ಕಾರಣ. ವೆಬ್ ಫಾರ್ಮ್‌ನ ಇನ್‌ಪುಟ್ ಪೆಟ್ಟಿಗೆಯಿಂದ ಓದಿದ ಮೌಲ್ಯ ಯಾವಾಗಲೂ ಸ್ಟ್ರಿಂಗ್. ಆ ಪೆಟ್ಟಿಗೆ ಸಂಖ್ಯೆಗಾಗಿಯೇ ಎಂದು ಗುರುತು ಮಾಡಿದ್ದರೂ ಸ್ಟ್ರಿಂಗೇ. 100 ರೂಪಾಯಿ ಶುಲ್ಕಕ್ಕೆ 50 ರೂಪಾಯಿ ದಂಡ ಸೇರಿಸಬೇಕಾದಲ್ಲಿ ಪರದೆಯ ಮೇಲೆ 10050 ಎಂದು ಕಾಣಿಸಿಕೊಳ್ಳುವುದು ಇದರಿಂದಲೇ. ಪ್ರೋಗ್ರಾಮ್ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪಿರುತ್ತದೆ. ಟೈಪ್ ತಪಾಸಣೆ ಈ ಭಾಷೆಯಲ್ಲಿ ಏಕೆ ಇಷ್ಟು ಮುಖ್ಯ ಎಂಬುದು ಇಲ್ಲಿ ತಿಳಿಯುತ್ತದೆ: ತಪ್ಪು ಆದ ಜಾಗದಲ್ಲಿ ಬಾಯಿ ಬಿಡದೆ ಎಷ್ಟೋ ದೂರ ಹೋಗಿ ಬೇರೆ ಕಡೆ ತೋರಿಕೊಳ್ಳುತ್ತದೆ.

ಸಮಾನತೆಯ ಚಿಹ್ನೆಯಲ್ಲೂ ಇದೇ ಧಾರಾಳತನ ಇತ್ತು. ನೆಟ್‌ಸ್ಕೇಪ್ ಒಳಗಿನ ಮೊದಲ ಬಳಕೆದಾರರು ಸಂಖ್ಯೆಯನ್ನೂ ಅಂಕಿಗಳಿರುವ ಸ್ಟ್ರಿಂಗನ್ನೂ ನೇರವಾಗಿ ಹೋಲಿಸಲು ಬರಬೇಕೆಂದು ಕೇಳಿಕೊಂಡರು. ಐಕ್ ಒಪ್ಪಿದರು, ಮುಂದೆ ಅದಕ್ಕಾಗಿ ವಿಷಾದವನ್ನೂ ವ್ಯಕ್ತಪಡಿಸಿದರು. ಎರಡು ಗೆರೆಯ == ಚಿಹ್ನೆ ಹೋಲಿಸುವ ಮೊದಲು ಟೈಪ್ ಬದಲಿಸಿಕೊಳ್ಳುತ್ತದೆ. 1999ರ ಡಿಸೆಂಬರ್‌ನಲ್ಲಿ ಬಂದ ಎಕ್ಮಾಸ್ಕ್ರಿಪ್ಟ್ ಎಂಬ ಹೆಸರಿನ ಭಾಷಾ ಮಾನಕದ ಮೂರನೇ ಆವೃತ್ತಿಯಲ್ಲಿ ಸೇರಿದ === ಚಿಹ್ನೆ ಟೈಪ್ ಬೇರೆಯಾದರೆ ಅಲ್ಲಿಗೇ ಇಲ್ಲ ಎನ್ನುತ್ತದೆ. ಹೀಗೆ ನೋಡಿದರೆ === ಕೂಡ ಒಂದು ಟೈಪ್ ತಪಾಸಣೆಯೇ, ದಿನವೂ ಅತಿ ಹೆಚ್ಚು ಬಳಕೆಯಾಗುವ ತಪಾಸಣೆ. == ಚಿಹ್ನೆಯ ಒಂದು ಬಳಕೆಯನ್ನು ಮಾತ್ರ ಅನುಭವಿಗಳು ಉಳಿಸಿಕೊಂಡಿದ್ದಾರೆ. ನಲ್‌ನೊಂದಿಗೆ == ಹೋಲಿಕೆ ಮಾಡಿದರೆ ನಲ್ ಮತ್ತು ಅನ್‌ಡಿಫೈನ್ಡ್ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ, ಬೇರೆ ಸಾಮಾನ್ಯ ಮೌಲ್ಯ ಯಾವುದೂ ಸಿಗುವುದಿಲ್ಲ.

ಟೈಪ್‌ಆಫ್

ಮೂಲ ಬಗೆ ಯಾವುದೆಂದು ಕೇಳಲು ಇರುವ ಸಲಕರಣೆ ಟೈಪ್‌ಆಫ್ ಆಪರೇಟರ್. ಇಂದಿನ ಮಾನಕದಂತೆ ಭಾಷೆಯಲ್ಲಿ ಎಂಟು ಮೂಲ ಬಗೆಗಳಿವೆ: ಅನ್‌ಡಿಫೈನ್ಡ್, ನಲ್, ಬೂಲಿಯನ್, ನಂಬರ್, ಬಿಗ್‌ಇಂಟ್, ಸ್ಟ್ರಿಂಗ್, ಸಿಂಬಲ್, ಆಬ್ಜೆಕ್ಟ್. ಇವುಗಳಲ್ಲಿ ಸಿಂಬಲ್ 2015ರ ಮಾನಕದಲ್ಲಿ, ಬಿಗ್‌ಇಂಟ್ 2020ರ ಮಾನಕದಲ್ಲಿ ಸೇರಿದವು. ಟೈಪ್‌ಆಫ್ ಹಿಂದಿರುಗಿಸುವ ಉತ್ತರಗಳೂ ಎಂಟೇ, ಆದರೆ ಆ ಪಟ್ಟಿ ಮೇಲಿನ ಪಟ್ಟಿಗೆ ಸರಿಹೊಂದುವುದಿಲ್ಲ. ನಲ್ ಎಂಬ ಉತ್ತರ ಅದು ಎಂದೂ ಕೊಡುವುದಿಲ್ಲ. ಫಂಕ್ಷನ್ ಕೂಡ ಆಬ್ಜೆಕ್ಟ್ ಬಗೆಗೇ ಸೇರಿದ್ದರೂ ಅದಕ್ಕೆ ಪ್ರತ್ಯೇಕವಾಗಿ "ಫಂಕ್ಷನ್" ಎನ್ನುತ್ತದೆ. ಕ್ಲಾಸ್‌ಗೂ "ಫಂಕ್ಷನ್" ಎಂದೇ ಉತ್ತರ.

ಅರೇ, ದಿನಾಂಕ, ರೆಗ್ಯುಲರ್ ಎಕ್ಸ್‌ಪ್ರೆಶನ್, ದೋಷದ ಆಬ್ಜೆಕ್ಟ್, ಮ್ಯಾಪ್, ಸೆಟ್ ಎಲ್ಲಕ್ಕೂ ಅದರ ಉತ್ತರ "ಆಬ್ಜೆಕ್ಟ್" ಎಂಬುದೊಂದೇ. ಇದನ್ನು ಟೈಪ್‌ಆಫ್‌ನ ದೋಷ ಎಂದು ಹಲವರು ಬರೆಯುತ್ತಾರೆ. ಹಾಗೆನ್ನುವುದು ಸರಿಯಲ್ಲ. ಮೂಲ ಬಗೆ ಕೇಳಿದ್ದಕ್ಕೆ ಮೂಲ ಬಗೆಯನ್ನೇ ಹೇಳುತ್ತಿದೆ. ಕ್ಲಾಸ್ ತಿಳಿಯಬೇಕಿದ್ದವರು ಬೇರೆ ಕಡೆ ಕೇಳಬೇಕು.

ಟೈಪ್‌ಆಫ್‌ಗೆ ಇನ್ನೊಂದು ವಿಶೇಷವಿದೆ. ಎಲ್ಲೂ ಘೋಷಿಸದ ಹೆಸರನ್ನು ಬಳಸಿದರೆ ಸಾಮಾನ್ಯವಾಗಿ ರೆಫರೆನ್ಸ್ ಎರರ್ ಬರುತ್ತದೆ, ಟೈಪ್‌ಆಫ್ ಮುಂದಿಟ್ಟರೆ ಬರುವುದಿಲ್ಲ. "ಅನ್‌ಡಿಫೈನ್ಡ್" ಎಂಬ ಉತ್ತರ ಸಿಗುತ್ತದೆ. ಬ್ರೌಸರ್ ಆಗಲಿ ನೋಡ್ ಆಗಲಿ, ಕೋಡ್ ಓಡುತ್ತಿರುವ ಕಡೆ ಒಂದು ಸೌಲಭ್ಯ ಇದೆಯೋ ಇಲ್ಲವೋ ಎಂದು ತಿಳಿಯಲು ಲೈಬ್ರರಿಗಳು ಇದನ್ನೇ ನೆಚ್ಚಿಕೊಂಡಿವೆ. 2015ರಲ್ಲಿ ಲೆಟ್ ಮತ್ತು ಕಾನ್ಸ್ಟ್ ಬಂದ ಮೇಲೆ ಈ ಭರವಸೆಗೆ ಒಂದು ಹೊರತು ಸೇರಿತು. ಅವುಗಳಿಂದ ಘೋಷಿಸಿದ ಹೆಸರನ್ನು ಘೋಷಣೆಯ ಸಾಲು ಬರುವ ಮೊದಲೇ ಟೈಪ್‌ಆಫ್‌ಗೆ ಕೊಟ್ಟರೆ ದೋಷ ಬಂದೇ ಬರುತ್ತದೆ. ಇನ್ನು, ಉತ್ತರವು ಸ್ಟ್ರಿಂಗ್ ರೂಪದಲ್ಲಿ ಬರುವುದರಿಂದ ಕಾಗುಣಿತ ತಪ್ಪಿ ಹೋಲಿಸಿದರೆ ಆ ಹೋಲಿಕೆ ಯಾವತ್ತೂ ನಿಜವಾಗುವುದಿಲ್ಲ, ಯಾರೂ ಎಚ್ಚರಿಸುವುದೂ ಇಲ್ಲ. ಇಎಸ್‌ಲಿಂಟ್ ಪರಿಶೀಲಕದಲ್ಲಿ ಇದೊಂದನ್ನೇ ಹಿಡಿಯಲು ಪ್ರತ್ಯೇಕ ನಿಯಮವಿದೆ.

ನಲ್ ಏಕೆ ಆಬ್ಜೆಕ್ಟ್

ಟೈಪ್‌ಆಫ್ ನಲ್ ಎಂದು ಕೇಳಿದರೆ "ಆಬ್ಜೆಕ್ಟ್" ಎಂದು ಉತ್ತರ ಬರುತ್ತದೆ. ನಲ್ ಆಬ್ಜೆಕ್ಟ್ ಅಲ್ಲ, ಅದರ ಮೇಲೆ ಯಾವ ಪ್ರಾಪರ್ಟಿಯನ್ನು ಓದಲು ಹೋದರೂ ಪ್ರೋಗ್ರಾಮ್ ದೋಷ ಕೊಟ್ಟು ನಿಲ್ಲುತ್ತದೆ. ಈ ತಪ್ಪು ಉತ್ತರದ ಬೇರು ಮೊದಲ ಎಂಜಿನ್‌ನ ಒಳರಚನೆಯಲ್ಲಿದೆ.

1995ರ ಆ ಎಂಜಿನ್‌ನಲ್ಲಿ ಪ್ರತಿಯೊಂದು ಮೌಲ್ಯವನ್ನೂ 32 ಬಿಟ್‌ಗಳ ಒಂದು ಪದದಲ್ಲಿ ಇಡಲಾಗುತ್ತಿತ್ತು. ಪದದ ಕೊನೆಯ ಒಂದರಿಂದ ಮೂರು ಬಿಟ್‌ಗಳು ಟೈಪಿನ ಗುರುತು. ಕೊನೆಯ ಬಿಟ್ 1 ಆಗಿದ್ದರೆ ಅದು ಪೂರ್ಣಾಂಕ. 010 ಆದರೆ ದಶಮಾಂಶ ಸಂಖ್ಯೆ, 100 ಆದರೆ ಸ್ಟ್ರಿಂಗ್, 110 ಆದರೆ ಬೂಲಿಯನ್, 000 ಆದರೆ ಆಬ್ಜೆಕ್ಟ್. ನಲ್ ಎಂಬುದು ಸಿ ಭಾಷೆಯ ಶೂನ್ಯ ಪಾಯಿಂಟರ್, ಅಂದರೆ 32 ಬಿಟ್‌ಗಳೂ ಸೊನ್ನೆ. ಅದರ ಕೊನೆಯ ಮೂರು ಬಿಟ್‌ಗಳು ಸಹಜವಾಗಿಯೇ 000. ಟೈಪ್‌ಆಫ್ ಕೋಡ್ ಮೊದಲು ಅನ್‌ಡಿಫೈನ್ಡ್ ಹೌದೇ ಎಂದು ನೋಡುತ್ತಿತ್ತು, ನಂತರ ಆಬ್ಜೆಕ್ಟ್ ಗುರುತು ಇದೆಯೇ ಎಂದು ನೋಡುತ್ತಿತ್ತು. ನಲ್ ಇರಬಹುದೇ ಎಂಬ ಪ್ರತ್ಯೇಕ ಪ್ರಶ್ನೆ ಅಲ್ಲಿರಲಿಲ್ಲ. ಹೀಗೆ ಎಂಜಿನ್‌ನ ಒಳಗುಟ್ಟೊಂದು ಭಾಷೆಯ ಹೊರಗಿನ ನಡವಳಿಕೆಯಾಗಿ ಹೊರಬಿತ್ತು. ಇತರ ಬ್ರೌಸರ್‌ಗಳು ಅದನ್ನೇ ಅನುಸರಿಸಿದವು, 1997ರ ಜೂನ್‌ನಲ್ಲಿ ಬಂದ ಮೊದಲ ಎಕ್ಮಾ-262 ಮಾನಕ ಅದಕ್ಕೆ ಮುದ್ರೆ ಒತ್ತಿತು.

ಸರಿಪಡಿಸುವ ಯತ್ನ ನಡೆಯದೆ ಇರಲಿಲ್ಲ. ಮುಂದೆ 2015ರ ಮಾನಕವಾಗಿ ರೂಪುಗೊಂಡ ಕೆಲಸದ ಅವಧಿಯಲ್ಲಿ, ಟೈಪ್‌ಆಫ್ ನಲ್‌ಗೆ "ನಲ್" ಎಂದೇ ಉತ್ತರ ಬರಲಿ ಎಂಬ ಪ್ರಸ್ತಾವ ಬಂದು ಕೊನೆಗೆ ಬಿದ್ದುಹೋಯಿತು. ಹಳೆಯ ಉತ್ತರವನ್ನೇ ನಂಬಿ ಬರೆದ ವೆಬ್ ಪುಟಗಳು ಕೆಟ್ಟುನಿಲ್ಲುತ್ತವೆ ಎಂಬುದೇ ಕಾರಣ. ಭಾಷೆಯ ಮಾನಕವನ್ನು ನೋಡಿಕೊಳ್ಳುವ ಟಿಸಿ39 ಸಮಿತಿಗೆ ಇದು ಅಲುಗದ ನಿಯಮ: ಇಂದು ಓಡುತ್ತಿರುವ ಪುಟ ನಾಳೆಯೂ ಓಡಬೇಕು. 25 ವರ್ಷ ಹಿಂದಿನ ಪುಟವೊಂದು ಇವತ್ತಿನ ಬ್ರೌಸರ್‌ನಲ್ಲಿ ತೆರೆದುಕೊಳ್ಳುವುದು ಈ ನಿಯಮದಿಂದಲೇ. ನಲ್‌ನ ತಪ್ಪು ಉತ್ತರ ಅದಕ್ಕೆ ತೆತ್ತ ಬೆಲೆ, ಹಾಗೂ ಆ ಬೆಲೆ ದುಬಾರಿಯೇನಲ್ಲ. ಆಬ್ಜೆಕ್ಟ್ ಹೌದೇ ಎಂದು ನೋಡುವವರು ನಲ್ ಅಲ್ಲ ಎಂಬುದನ್ನೂ ಜೊತೆಗೆ ನೋಡಿದರೆ ಮುಗಿಯಿತು.

ಇದೇ ನಿಯಮದ ಇನ್ನೊಂದು ಫಲ ಬ್ರೌಸರ್‌ನ ಡಾಕ್ಯುಮೆಂಟ್ ಡಾಟ್ ಆಲ್. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ಗಾಗಿ ಬರೆದ ಪುಟಗಳು ಇದನ್ನು ಬಳಸುತ್ತಿದ್ದವು. ಇತರ ಪುಟಗಳು ಇದು ಇದೆಯೇ ಎಂದು ನೋಡಿ ಬ್ರೌಸರ್ ಯಾವುದೆಂದು ಊಹಿಸುತ್ತಿದ್ದವು. ಎರಡೂ ಬಗೆಯ ಪುಟಗಳು ಓಡಬೇಕಲ್ಲ? ಅದಕ್ಕಾಗಿ ಇದು ನಿಜವಾದ ಆಬ್ಜೆಕ್ಟ್ ಆಗಿಯೇ ಇದ್ದು, ಟೈಪ್‌ಆಫ್‌ಗೆ "ಅನ್‌ಡಿಫೈನ್ಡ್" ಎಂದು ಉತ್ತರಿಸುವಂತೆ ಮಾನಕದಲ್ಲೇ ವಿಶೇಷ ಏರ್ಪಾಡು ಮಾಡಲಾಗಿದೆ. ಇಡೀ ಭಾಷೆಯಲ್ಲಿ ಇಂಥ ಆಬ್ಜೆಕ್ಟ್ ಇದೊಂದೇ.

ಹುಟ್ಟಿದ ಮನೆ ಯಾವುದು

ಎರಡನೇ ಪ್ರಶ್ನೆಗೆ, ಅಂದರೆ ಆಬ್ಜೆಕ್ಟ್ ಯಾವ ಕ್ಲಾಸಿನದು ಎಂಬುದಕ್ಕೆ, ಇನ್‌ಸ್ಟನ್ಸ್‌ಆಫ್ ಆಪರೇಟರ್ ಇದೆ. ಅದೂ ಮೂರನೇ ಆವೃತ್ತಿಯ ಮಾನಕದ ಕೊಡುಗೆ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಒಂದು ಪ್ರೋಟೋಟೈಪ್, ಅದಕ್ಕೆ ಇನ್ನೊಂದು, ಹೀಗೆ ಸರಪಳಿ ಇರುತ್ತದೆ. ಇನ್‌ಸ್ಟನ್ಸ್‌ಆಫ್ ಆ ಸರಪಳಿಯನ್ನು ಹಿಡಿದು ಮೇಲೇರುತ್ತಾ ಹೋಗಿ, ಹೆಸರಿಸಿದ ಕ್ಲಾಸಿನ ಪ್ರೋಟೋಟೈಪ್ ಎಲ್ಲಾದರೂ ಸಿಕ್ಕರೆ ಹೌದು ಎನ್ನುತ್ತದೆ. ನಾವೇ ಬರೆದ ಕ್ಲಾಸ್‌ಗಳಿಗೆ, ದೋಷಗಳ ಬಗೆಗಳನ್ನು ವಿಂಗಡಿಸುವುದಕ್ಕೆ ಇದು ಚೆನ್ನಾಗಿ ಒದಗುತ್ತದೆ. ಮೂಲ ಬಗೆಗಳಿಗೆ ಒದಗುವುದಿಲ್ಲ. ಉಲ್ಲೇಖ ಚಿಹ್ನೆಯೊಳಗೆ ಬರೆದ ಸಾಮಾನ್ಯ ಸ್ಟ್ರಿಂಗ್ ಸ್ಟ್ರಿಂಗ್ ಕ್ಲಾಸಿನದಲ್ಲ ಎಂದೇ ಅದು ಹೇಳುತ್ತದೆ.

ದೊಡ್ಡ ತೊಡಕು ಬಂದದ್ದು ಐಫ್ರೇಮ್‌ಗಳಿಂದ. ಒಂದು ವೆಬ್ ಪುಟದೊಳಗೆ ಇನ್ನೊಂದು ಪುಟವನ್ನು ಕೂರಿಸಿದಾಗ ಒಳಗಿನ ಪುಟಕ್ಕೆ ತನ್ನದೇ ಅರೇ ಕ್ಲಾಸ್, ತನ್ನದೇ ಡೇಟ್ ಕ್ಲಾಸ್ ಇರುತ್ತವೆ. ಅಲ್ಲಿ ಹುಟ್ಟಿದ ಅರೇ ಇತ್ತ ಬಂದರೆ ಇಲ್ಲಿನ ಇನ್‌ಸ್ಟನ್ಸ್‌ಆಫ್ ಅದನ್ನು ಅರೇ ಎಂದು ಒಪ್ಪುವುದಿಲ್ಲ. ಊರು ಬದಲಾದೊಡನೆ ಮನೆತನದ ಗುರುತು ಹಿಡಿಯುವವರೇ ಇಲ್ಲದಂತಾಗುವ ಪರಿಸ್ಥಿತಿ ಇದು. 2000ದ ದಶಕದಲ್ಲಿ ವೆಬ್ ಅಪ್ಲಿಕೇಶನ್ ಬರೆಯುತ್ತಿದ್ದವರು ಇದಕ್ಕೆ ಒಂದು ಸುತ್ತುದಾರಿ ಕಂಡುಕೊಂಡರು. ಆಬ್ಜೆಕ್ಟ್ ಪ್ರೋಟೋಟೈಪ್‌ನಲ್ಲಿರುವ ಟುಸ್ಟ್ರಿಂಗ್ ಫಂಕ್ಷನ್ನನ್ನು ಎರವಲು ಪಡೆದು ಯಾವುದೇ ಮೌಲ್ಯದ ಮೇಲೆ ಕರೆದರೆ "[ಆಬ್ಜೆಕ್ಟ್ ಅರೇ]", "[ಆಬ್ಜೆಕ್ಟ್ ಡೇಟ್]" ಎಂಬ ಮಾದರಿಯ ಉತ್ತರ ಬರುತ್ತದೆ, ಐಫ್ರೇಮ್ ದಾಟಿದರೂ ಬದಲಾಗುವುದಿಲ್ಲ. ಜೆಕ್ವೆರಿ, ಅಂಡರ್‌ಸ್ಕೋರ್ ಮುಂತಾದ ಲೈಬ್ರರಿಗಳ ಟೈಪ್ ತಪಾಸಣೆಯ ಫಂಕ್ಷನ್‌ಗಳು ಈ ಉಪಾಯದ ಮೇಲೆ ನಿಂತಿದ್ದವು. ಡಗ್ಲಸ್ ಕ್ರಾಕ್‌ಫರ್ಡ್ 2008ರಲ್ಲಿ ಬರೆದ ಜಾವಾಸ್ಕ್ರಿಪ್ಟ್: ದಿ ಗುಡ್ ಪಾರ್ಟ್ಸ್ ಪುಸ್ತಕ ಟೈಪ್‌ಆಫ್‌ನ ಲೋಪಗಳನ್ನು ಭಾಷೆಯ ಕೆಟ್ಟ ಭಾಗಗಳ ಸಾಲಿನಲ್ಲಿ ಹೆಸರಿಸಿದ್ದೂ ಈ ಕಾಲದಲ್ಲೇ.

2009ರ ಡಿಸೆಂಬರ್‌ನಲ್ಲಿ ಬಂದ ಐದನೇ ಆವೃತ್ತಿ ಅರೇ ಡಾಟ್ ಈಸ್‌ಅರೇ ಎಂಬ ಫಂಕ್ಷನ್ನನ್ನು ಭಾಷೆಯಲ್ಲೇ ಸೇರಿಸಿತು. ಅರೇಗೆ ಸಂಬಂಧಿಸಿದಂತೆ ಚರ್ಚೆ ಅಲ್ಲಿಗೆ ಮುಗಿಯಿತು ಎನ್ನಬಹುದು. ಅದು ಪ್ರೋಟೋಟೈಪ್ ಸರಪಳಿಯನ್ನು ನೋಡುವುದಿಲ್ಲ, ಆಬ್ಜೆಕ್ಟ್ ಒಳಗೇ ಎಂಜಿನ್ ಇಟ್ಟಿರುವ ಗುರುತನ್ನು ನೋಡುತ್ತದೆ. ಅರೇಯನ್ನು ಪ್ರಾಕ್ಸಿಯಿಂದ ಸುತ್ತಿಕೊಟ್ಟರೂ ಒಳಗಿರುವುದನ್ನು ಗುರುತಿಸುತ್ತದೆ. ಟುಸ್ಟ್ರಿಂಗ್ ಉಪಾಯ ಮಾತ್ರ ನಂತರ ಬಲ ಕಳೆದುಕೊಂಡಿತು. 2015ರ ಮಾನಕ ಟುಸ್ಟ್ರಿಂಗ್‌ಟ್ಯಾಗ್ ಎಂಬ ಸಿಂಬಲ್ ತಂದು, ಯಾವ ಆಬ್ಜೆಕ್ಟ್ ಬೇಕಾದರೂ ತನ್ನನ್ನು ಇಂಥದು ಎಂದು ಹೇಳಿಕೊಳ್ಳಲು ಅವಕಾಶ ಕೊಟ್ಟಿತು. ಅದೇ ಮಾನಕ ಹ್ಯಾಸ್‌ಇನ್‌ಸ್ಟನ್ಸ್ ಎಂಬ ಸಿಂಬಲ್‌ನಿಂದ ಇನ್‌ಸ್ಟನ್ಸ್‌ಆಫ್‌ನ ಉತ್ತರವನ್ನೂ ಕ್ಲಾಸ್ ಬರೆಯುವವರ ಕೈಗೆ ಕೊಟ್ಟಿತು. ಸುಳ್ಳು ಹೇಳಲಾಗದ ಗುರುತು ಬೇಕಿದ್ದರೆ 2022ರ ಮಾನಕದ ದಾರಿ ಇದೆ: ಕ್ಲಾಸ್‌ನ ಖಾಸಗಿ ಫೀಲ್ಡ್ ಒಂದು ಆಬ್ಜೆಕ್ಟ್‌ನಲ್ಲಿ ಇದೆಯೇ ಎಂದು ಇನ್ ಆಪರೇಟರ್‌ನಿಂದ ಕೇಳುವುದು. ಖಾಸಗಿ ಫೀಲ್ಡನ್ನು ಹೊರಗಿನವರು ಅಂಟಿಸಲಾರರು.

ಸಂಖ್ಯೆ ಎಂಬ ಹೆಸರಿದ್ದರೂ

ನಂಬರ್ ಬಗೆಯ ತಪಾಸಣೆ ಕಂಡಷ್ಟು ಸುಲಭವಲ್ಲ. ಲೆಕ್ಕ ಸಾಧ್ಯವಾಗದಾಗ ಸಿಗುವ ನ್ಯಾನ್ ಎಂಬ ಮೌಲ್ಯ "ಸಂಖ್ಯೆ ಅಲ್ಲ" ಎಂದು ಸಾರುತ್ತದೆ, ಆದರೆ ಟೈಪ್‌ಆಫ್ ಅದನ್ನು "ನಂಬರ್" ಎನ್ನುತ್ತದೆ. ಇದು ಜಾವಾಸ್ಕ್ರಿಪ್ಟ್‌ನ ವಿಚಿತ್ರವಲ್ಲ. ಐಇಇಇ 754 ಮಾನಕದಂತೆ ದಶಮಾಂಶ ಲೆಕ್ಕ ಮಾಡುವ ಭಾಷೆಗಳಲ್ಲೆಲ್ಲ ನ್ಯಾನ್ ಆ ಸಂಖ್ಯಾವರ್ಗದ್ದೇ ಸದಸ್ಯ, ಹಾಗೂ ಅದು ತನಗೆ ತಾನೇ ಸಮನಲ್ಲ. ಅದನ್ನು ಹಿಡಿಯಲೆಂದು ಮೊದಲಿನಿಂದ ಇದ್ದ ಈಸ್‌ನ್ಯಾನ್ ಫಂಕ್ಷನ್ ಕೊಟ್ಟದ್ದನ್ನು ಮೊದಲು ಸಂಖ್ಯೆಯಾಗಿ ಬದಲಿಸುತ್ತದೆ. ಖಾಲಿ ಸ್ಟ್ರಿಂಗ್ ಸೊನ್ನೆಯಾಗಿ ಬದಲಾಗುವುದರಿಂದ, ಏನನ್ನೂ ತುಂಬದ ಪೆಟ್ಟಿಗೆಯೂ ಆ ಪರೀಕ್ಷೆಯಲ್ಲಿ ಸಂಖ್ಯೆಯಾಗಿ ತೇರ್ಗಡೆಯಾಗುತ್ತದೆ. 2015ರಲ್ಲಿ ಬಂದ ನಂಬರ್ ಡಾಟ್ ಈಸ್‌ನ್ಯಾನ್ ಬದಲಿಸದೆ ಪರೀಕ್ಷಿಸುತ್ತದೆ. ಲೆಕ್ಕಕ್ಕೆ ಯೋಗ್ಯ ಸಂಖ್ಯೆ ಬೇಕಿದ್ದವರು ನಂಬರ್ ಡಾಟ್ ಈಸ್‌ಫೈನೈಟ್ ಬಳಸುವುದು ಉತ್ತಮ, ಅದು ನ್ಯಾನ್ ಮತ್ತು ಅನಂತ ಎರಡನ್ನೂ ಹೊರಗಿಡುತ್ತದೆ. ದಿನಾಂಕಕ್ಕೂ ಇಂಥದೇ ಪಾಡು. ಅಸಿಂಧು ದಿನಾಂಕವೂ ಡೇಟ್ ಕ್ಲಾಸಿನ ಆಬ್ಜೆಕ್ಟೇ, ಅದರ ಗೆಟ್‌ಟೈಮ್ ನ್ಯಾನ್ ಕೊಡುತ್ತದೆಯೇ ಎಂದು ನೋಡಿದಾಗಲೇ ನಿಜ ತಿಳಿಯುವುದು.

ಟೈಪ್ ಸರಿಯಿದ್ದೂ ಮೌಲ್ಯ ಕೆಟ್ಟಿರಬಹುದು ಎಂಬುದಕ್ಕೆ ಟ್ವಿಟರ್‌ನ ಅನುಭವ ದೊಡ್ಡ ಉದಾಹರಣೆ. ಜಾವಾಸ್ಕ್ರಿಪ್ಟ್‌ನ ನಂಬರ್ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಒಂದೂ ಬಿಡದೆ ಖಚಿತವಾಗಿ ಹಿಡಿಯಬಲ್ಲದು. 2010ರಲ್ಲಿ ಟ್ವಿಟರ್ ತನ್ನ ಸಂದೇಶಗಳಿಗೆ 64 ಬಿಟ್‌ಗಳ ಗುರುತು ಸಂಖ್ಯೆ ಕೊಡಲು ಹೊರಟಾಗ, ಬ್ರೌಸರ್‌ನಲ್ಲಿ ಅವುಗಳ ಕೊನೆಯ ಅಂಕಿಗಳು ಬದಲಾಗಿಬಿಡುವ ಅಪಾಯ ಎದುರಾಯಿತು. ಸಂಖ್ಯೆಯ ಜೊತೆಗೆ ಅದೇ ಗುರುತನ್ನು ಸ್ಟ್ರಿಂಗ್ ರೂಪದಲ್ಲೂ ಕಳಿಸುವ ವ್ಯವಸ್ಥೆ ಮಾಡಬೇಕಾಯಿತು. ಟೈಪ್‌ಆಫ್ ಇಲ್ಲಿ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಂಬರ್ ಡಾಟ್ ಈಸ್‌ಸೇಫ್‌ಇಂಟಿಜರ್ ಕೊಡುತ್ತದೆ.

ಕನ್ನಡದಲ್ಲಿ ಅಪ್ಲಿಕೇಶನ್ ಕಟ್ಟುವವರು ಇನ್ನೊಂದನ್ನು ಗಮನದಲ್ಲಿಡಬೇಕು. ಬಳಕೆದಾರರು ಪೆಟ್ಟಿಗೆಯಲ್ಲಿ ೨೫ ಎಂದು ಕನ್ನಡ ಅಂಕಿಗಳಲ್ಲಿ ತುಂಬಿದರೆ ನಂಬರ್ ಫಂಕ್ಷನ್ ಅದನ್ನು ನ್ಯಾನ್ ಮಾಡುತ್ತದೆ. ಭಾಷೆಯ ಪರಿವರ್ತನಾ ನಿಯಮಗಳಿಗೆ 0ಯಿಂದ 9ರವರೆಗಿನ ಅಂಕಿಗಳು ಮಾತ್ರ ಗೊತ್ತು, ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಅಂಕಿ ಗುರುತೂ ಅಷ್ಟನ್ನೇ ಹಿಡಿಯುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆಯ ಸಂಕೇತ ಸಂಖ್ಯೆ 3302, ಒಂಬತ್ತರದು 3311. ಅವು ಅನುಕ್ರಮವಾಗಿರುವುದರಿಂದ 3302 ಕಳೆದರೆ ಅಂಕಿಯ ಬೆಲೆ ಸಿಗುತ್ತದೆ. ತಪಾಸಣೆಗೆ ಮೊದಲು ಈ ಪರಿವರ್ತನೆಯ ಒಂದು ಸಣ್ಣ ಹೆಜ್ಜೆ ಇಟ್ಟರೆ ಸಾಕು. ತಮ್ಮ ಲಿಪಿಯ ಅಂಕಿಯಲ್ಲಿ ಸರಿಯಾಗಿಯೇ ತುಂಬಿದವರಿಗೆ "ಸಂಖ್ಯೆ ತುಂಬಿರಿ" ಎಂದು ಕೆಂಪಕ್ಷರದಲ್ಲಿ ಹೇಳುವುದು ಯಾವ ರೀತಿಯಲ್ಲೂ ಒಪ್ಪತಕ್ಕದ್ದಲ್ಲ.

ಕೆಲಸದಿಂದ ಗುರುತಿಸುವುದು

ಮೂರನೇ ಪ್ರಶ್ನೆ ಕ್ಲಾಸನ್ನು ಕೇಳುವುದೇ ಇಲ್ಲ. ನಮಗೆ ಬೇಕಾದ ಮೆಥಡ್ ಇದೆಯೇ, ಅದು ಫಂಕ್ಷನ್ ಹೌದೇ ಎಂದಷ್ಟೇ ನೋಡುತ್ತದೆ. ಭಾಷೆಯೇ ಈ ಕ್ರಮವನ್ನು ಅಧಿಕೃತವಾಗಿ ಅನುಸರಿಸುವ ಜಾಗವೆಂದರೆ ಪ್ರಾಮಿಸ್, ಅಂದರೆ ಮುಂದೆ ಬರಲಿರುವ ಫಲಿತಾಂಶವನ್ನು ಹಿಡಿದಿಡುವ ಆಬ್ಜೆಕ್ಟ್. ಅವೇಟ್ ಮಾಡಿದ ಆಬ್ಜೆಕ್ಟ್‌ಗೆ ದೆನ್ ಎಂಬ ಮೆಥಡ್ ಇದ್ದರೆ ಸಾಕು, ಅದು ಯಾವ ಲೈಬ್ರರಿಯ ಪ್ರಾಮಿಸ್ ಆದರೂ ಕೆಲಸ ನಡೆಯುತ್ತದೆ. ಪ್ರಾಮಿಸ್ 2015ರಲ್ಲಿ ಮಾನಕಕ್ಕೆ ಬರುವ ಮೊದಲೇ ಹಲವು ಲೈಬ್ರರಿಗಳು ತಮ್ಮತಮ್ಮ ಪ್ರಾಮಿಸ್‌ಗಳನ್ನು ಹೊಂದಿದ್ದವು. ಅವೆಲ್ಲ ಒಂದಕ್ಕೊಂದು ಬೆರೆಯಬೇಕಿದ್ದರೆ ಬೇರೆ ದಾರಿ ಇರಲಿಲ್ಲ. ಇದರ ಅಪಾಯವೂ ಅಲ್ಲೇ ಇದೆ: ಬೇರಾವುದೋ ಉದ್ದೇಶಕ್ಕೆ ದೆನ್ ಎಂಬ ಮೆಥಡ್ ಇಟ್ಟುಕೊಂಡ ಆಬ್ಜೆಕ್ಟನ್ನೂ ಭಾಷೆ ಪ್ರಾಮಿಸ್ ಎಂದೇ ನಡೆಸಿಕೊಳ್ಳುತ್ತದೆ.

ಇಂಥ ಪುಟ್ಟ ತಪಾಸಣೆಗಳನ್ನೂ ಪ್ರತ್ಯೇಕ ಪ್ಯಾಕೇಜ್‌ಗಳಾಗಿ ಹಂಚುವ ರೂಢಿ ಎನ್‌ಪಿಎಂ ಭಂಡಾರದಲ್ಲಿ ಬೆಳೆಯಿತು. ಒಂದು ಮೌಲ್ಯ ಪ್ರಾಮಿಸ್ ಹೌದೇ ಎಂದು ನೋಡುವ ಈಸ್-ಪ್ರಾಮಿಸ್ ಪ್ಯಾಕೇಜ್‌ನಲ್ಲಿ ಇರುವುದು ಒಂದೆರಡು ಸಾಲಿನ ಕೋಡ್. 2020ರ ಏಪ್ರಿಲ್‌ನಲ್ಲಿ ಅದರ ಹೊಸ ಆವೃತ್ತಿಯೊಂದು ಹೊಸ ಮಾಡ್ಯೂಲ್ ಪದ್ಧತಿಗೆ ಹೊಂದಿಕೊಳ್ಳುವಂತೆ ಮಾಡಲು ಹೋಗಿ ಪ್ಯಾಕೇಜ್ ವಿವರದಲ್ಲಿ ತಪ್ಪು ಉಳಿಸಿಕೊಂಡಿತು. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಸೇರಿದಂತೆ ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿದ್ದ ಹಲವು ಸಲಕರಣೆಗಳು ಏಕಕಾಲಕ್ಕೆ ನಿಂತುಹೋದವು, ಕೆಲವೇ ಗಂಟೆಗಳಲ್ಲಿ ಸರಿಪಡಿಸಲಾಯಿತು. ತಪಾಸಣೆಯ ತರ್ಕದಲ್ಲಿ ಯಾವ ದೋಷವೂ ಇರಲಿಲ್ಲ. ಒಂದು ಸಾಲಿನಲ್ಲಿ ತಾವೇ ಬರೆಯಬಹುದಾದ ತಪಾಸಣೆಗೆ ಹೊರಗಿನ ಪ್ಯಾಕೇಜ್ ತರುವುದು ಬೇಡ ಎಂಬ ಮಾತು ಆ ಬಳಿಕ ಬಲವಾಗಿ ಕೇಳಿಬಂತು, ಆ ಮಾತು ಸರಿಯೂ ಹೌದು.

ಓಡಿಸುವ ಮೊದಲೇ ನಡೆಯುವ ತಪಾಸಣೆ

ಕೋಡ್ ಓಡಿಸದೆ, ಓದಿಯೇ ಟೈಪ್ ದೋಷ ಹಿಡಿಯಬೇಕೆಂಬ ಆಸೆ ಹಳೆಯದು. ಬೇಕಿದ್ದವರು ಬರೆದುಕೊಳ್ಳಬಹುದಾದ ಟೈಪ್‌ಗಳನ್ನು ಭಾಷೆಗೇ ಸೇರಿಸುವ ನಾಲ್ಕನೇ ಆವೃತ್ತಿಯ ಮಾನಕಕ್ಕಾಗಿ ವರ್ಷಗಟ್ಟಲೆ ಕೆಲಸ ನಡೆದು, ಒಮ್ಮತ ಮೂಡದೆ 2008ರಲ್ಲಿ ಅದನ್ನು ಕೈಬಿಡಲಾಯಿತು. ಆ ಕರಡಿನ ಹಾದಿಯಲ್ಲಿ ಹೊರಟಿದ್ದ ಅಡೋಬಿಯ ಆ್ಯಕ್ಷನ್‌ಸ್ಕ್ರಿಪ್ಟ್ 3 ಮಾತ್ರ ಫ್ಲ್ಯಾಶ್‌ನೊಳಗೆ ಉಳಿಯಿತು. 2009ರಲ್ಲಿ ಗೂಗಲ್ ಹೊರಬಿಟ್ಟ ಕ್ಲೋಷರ್ ಕಂಪೈಲರ್ ಕಾಮೆಂಟ್‌ಗಳಲ್ಲಿ ಬರೆದ ಟೈಪ್‌ಗಳನ್ನು ಓದಿ ಪರಿಶೀಲಿಸುತ್ತಿತ್ತು.

2012ರ ಅಕ್ಟೋಬರ್ 1ರಂದು ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ಪ್ರಕಟಿಸಿತು. ಟರ್ಬೋ ಪ್ಯಾಸ್ಕಲ್ ಮತ್ತು ಸಿ ಶಾರ್ಪ್‌ಗಳ ಹಿಂದಿದ್ದ ಆಂಡರ್ಸ್ ಹೈಲ್ಸ್‌ಬರ್ಗ್ ಇದರ ಮುಖ್ಯ ಶಿಲ್ಪಿ. 2014ರಲ್ಲಿ ಫೇಸ್‌ಬುಕ್ ಫ್ಲೋ ಎಂಬ ಪರಿಶೀಲಕವನ್ನು ತಂದಿತು. ಎರಡರಲ್ಲಿ ಟೈಪ್‌ಸ್ಕ್ರಿಪ್ಟ್ ಉದ್ಯಮವನ್ನು ವ್ಯಾಪಿಸಿತು. ಆಗಲೇ ಇದ್ದ ಜಾವಾಸ್ಕ್ರಿಪ್ಟ್ ಕೋಡನ್ನು ಬದಲಿಸದೆ ಹಂತಹಂತವಾಗಿ ಅಳವಡಿಸಿಕೊಳ್ಳಲು ಬರುವುದು ಒಂದು ಕಾರಣ. ಬರೆಯುತ್ತಿರುವಾಗಲೇ ಎಡಿಟರ್‌ನಲ್ಲಿ ಸಲಹೆ ಮತ್ತು ಎಚ್ಚರಿಕೆ ಸಿಗುವುದು ಇನ್ನೊಂದು. 2016ರ 2.0 ಆವೃತ್ತಿ ನಲ್ ಮತ್ತು ಅನ್‌ಡಿಫೈನ್ಡ್‌ಗಳನ್ನು ಪ್ರತ್ಯೇಕ ಟೈಪ್‌ಗಳಾಗಿ ಕಟ್ಟುನಿಟ್ಟಾಗಿ ನೋಡುವ ಆಯ್ಕೆ ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ ಟೈಪ್‌ಸ್ಕ್ರಿಪ್ಟ್‌ನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಉಪಯುಕ್ತ ಸೇರ್ಪಡೆ ಇನ್ನೊಂದಿಲ್ಲ.

ಓಡುವಾಗಿನ ತಪಾಸಣೆಗಳನ್ನೇ ಟೈಪ್‌ಸ್ಕ್ರಿಪ್ಟ್ ಸಾಕ್ಷಿಯಾಗಿ ಬಳಸಿಕೊಳ್ಳುವ ರೀತಿ ಸೊಗಸಾಗಿದೆ. ಸ್ಟ್ರಿಂಗ್ ಅಥವಾ ಸಂಖ್ಯೆ ಇರಬಹುದಾದ ವೇರಿಯಬಲ್ ಮೇಲೆ ಟೈಪ್‌ಆಫ್ ಪರೀಕ್ಷೆ ಬರೆದರೆ, ಆ ಇಫ್ ಆವರಣದೊಳಗೆ ಅದು ಸ್ಟ್ರಿಂಗೇ ಎಂದು ಕಂಪೈಲರ್ ತಿಳಿದುಕೊಳ್ಳುತ್ತದೆ. ಹೊರಗಿನ ಎಲ್ಸ್ ಭಾಗದಲ್ಲಿ ಸಂಖ್ಯೆಯೇ ಎಂದುಕೊಳ್ಳುತ್ತದೆ. ಟೈಪ್‌ಆಫ್ ನಲ್‌ನ ಹಳೆಯ ತಪ್ಪೂ ಅದಕ್ಕೆ ಗೊತ್ತಿದೆ. ಟೈಪ್‌ಆಫ್‌ನಿಂದ ಆಬ್ಜೆಕ್ಟ್ ಎಂದು ಪರೀಕ್ಷಿಸಿ ನಲ್ ಅನ್ನು ಮರೆತರೆ ಎಚ್ಚರಿಸುತ್ತದೆ. ನಾವೇ ಬರೆದ ತಪಾಸಣಾ ಫಂಕ್ಷನ್‌ಗಳನ್ನೂ ಅದು ನಂಬುತ್ತದೆ, ಅವುಗಳೊಳಗಿನ ತರ್ಕ ತಪ್ಪಿದ್ದರೂ ನಂಬುತ್ತದೆ.

ಇದರಿಂದ ಎಷ್ಟು ಲಾಭ? ಲಂಡನ್‌ನ ಯೂನಿವರ್ಸಿಟಿ ಕಾಲೇಜ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಾರ್ವಜನಿಕ ಯೋಜನೆಗಳಲ್ಲಿ ಪತ್ತೆಯಾಗಿ ಸರಿಪಡಿಸಲಾದ 400 ಬಗ್‌ಗಳನ್ನು ಆಯ್ದು, ಬಗ್ ಇದ್ದ ಕೋಡ್‌ಗೆ ಟೈಪ್‌ಗಳನ್ನು ಬರೆದು ಅವರು ಪರೀಕ್ಷಿಸಿದರು. ಫ್ಲೋ ಮತ್ತು ಟೈಪ್‌ಸ್ಕ್ರಿಪ್ಟ್ ಒಂದೊಂದೂ ಸುಮಾರು 15 ಶೇಕಡಾ ಬಗ್‌ಗಳನ್ನು ಹಿಡಿದವು. ಅವು ಬರೆದವರ ಕೈಯಲ್ಲೇ ಸಿಕ್ಕಿಬಿದ್ದವಲ್ಲ, ಪರೀಕ್ಷೆ ಮತ್ತು ಪರಿಶೀಲನೆ ದಾಟಿ ಎಲ್ಲರ ಕೋಡ್‌ಗೆ ಸೇರಿದ್ದ ಬಗ್‌ಗಳು ಎಂಬುದನ್ನು ನೆನೆದರೆ 15 ಸಣ್ಣ ಪ್ರಮಾಣವಲ್ಲ. ಉಳಿದ 85 ಶೇಕಡಾಕ್ಕೆ ಟೈಪ್‌ಗಳಿಂದ ಪರಿಹಾರವಿಲ್ಲ ಎಂಬುದೂ ಅಷ್ಟೇ ನಿಜ.

ಒಳಬರುವ ಬಾಗಿಲು

ಟೈಪ್‌ಸ್ಕ್ರಿಪ್ಟ್ ಕುರಿತು ಹೊಸಬರಲ್ಲಿ ಒಂದು ತಪ್ಪು ತಿಳಿವಳಿಕೆ ಪ್ರಬಲವಾಗಿದೆ: ಅದರ ಟೈಪ್‌ಗಳು ಕೋಡ್ ಓಡುವಾಗಲೂ ಕಾವಲಿರುತ್ತವೆ ಎಂಬುದು. ನಿಜವಾಗಿ ಕೋಡ್ ಓಡುವ ಹೊತ್ತಿಗೆ ಆ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ. ಉಳಿಯುವುದು ಬರೀ ಜಾವಾಸ್ಕ್ರಿಪ್ಟ್. ಸರ್ವರ್‌ನಿಂದ ಬಂದ ಜೇಸನ್ ಪಠ್ಯವನ್ನು ಬಿಡಿಸಿ, ಇದು ಗ್ರಾಹಕರ ವಿವರ ಎಂದು ಆ್ಯಸ್ ಬಳಸಿ ಬರೆದರೆ ಯಾವ ಪರಿಶೀಲನೆಯೂ ನಡೆಯುವುದಿಲ್ಲ. ಅದು ಕಂಪೈಲರ್‌ಗೆ ನಾವು ಕೊಟ್ಟ ಮಾತು ಮಾತ್ರ. ಸರ್ವರ್ ವಯಸ್ಸನ್ನು ಸ್ಟ್ರಿಂಗ್ ಆಗಿ ಕಳಿಸಲು ಶುರುಮಾಡಿದ ದಿನ ಆ ಮಾತು ಸುಳ್ಳಾಗುತ್ತದೆ, ಕಂಪೈಲರ್ ಹಸಿರು ನಿಶಾನೆ ತೋರಿಸುತ್ತಲೇ ಇರುತ್ತದೆ. 2018ರ 3.0 ಆವೃತ್ತಿಯಲ್ಲಿ ಬಂದ ಅನ್‌ನೋನ್ ಟೈಪ್ ಈ ವಿಷಯದಲ್ಲಿ ಶಿಸ್ತು ತರುತ್ತದೆ. ಎನಿ ಟೈಪ್ ಏನನ್ನು ಬೇಕಾದರೂ ಮಾಡಲು ಬಿಟ್ಟರೆ, ಅನ್‌ನೋನ್ ತಪಾಸಣೆ ಮಾಡದೆ ಮುಟ್ಟಲು ಬಿಡುವುದಿಲ್ಲ.

ನಿಜವಾದ ತಪಾಸಣೆ ನಡೆಯಬೇಕಾದದ್ದು ಮಾಹಿತಿ ಹೊರಗಿನಿಂದ ಪ್ರೋಗ್ರಾಮ್‌ನೊಳಗೆ ಕಾಲಿಡುವ ಜಾಗದಲ್ಲಿ. ಫಾರ್ಮ್, ಸರ್ವರ್‌ನ ಉತ್ತರ, ಬ್ರೌಸರ್‌ನ ಸಂಗ್ರಹ, ಕಾನ್ಫಿಗರೇಶನ್ ಫೈಲ್ ಇವೆಲ್ಲ ಅಂಥ ಬಾಗಿಲುಗಳು. ಈ ಕೆಲಸಕ್ಕೆ ಜೇಸನ್ ಸ್ಕೀಮಾ ಆಧರಿಸಿದ ಎಜೆವಿ, ಹಾಗೂ ಜೋಯ್, ಯಪ್, 2020ರಲ್ಲಿ ಬಂದ ಜಾಡ್ ಮೊದಲಾದ ಲೈಬ್ರರಿಗಳಿವೆ. ಜಾಡ್ ಜನಪ್ರಿಯವಾಗಲು ಕಾರಣ ಸರಳ: ಮಾಹಿತಿಯ ಆಕಾರವನ್ನು ಒಮ್ಮೆ ಬರೆದರೆ ಓಡುವಾಗಿನ ತಪಾಸಣೆಯೂ ಟೈಪ್‌ಸ್ಕ್ರಿಪ್ಟ್ ಟೈಪೂ ಅದರಿಂದಲೇ ಸಿಗುತ್ತವೆ, ಎರಡು ಕಡೆ ಬರೆದು ಒಂದನ್ನು ಮರೆಯುವ ಭಯವಿಲ್ಲ. ರಿಯಾಕ್ಟ್ ಲೈಬ್ರರಿಯ ಪ್ರಾಪ್‌ಟೈಪ್ಸ್ ತಪಾಸಣೆ ಮಾತ್ರ ಹಿಂದೆ ಸರಿಯಿತು. 2017ರಲ್ಲಿ ಅದನ್ನು ಪ್ರತ್ಯೇಕ ಪ್ಯಾಕೇಜ್ ಮಾಡಲಾಯಿತು, 2024ರ ಡಿಸೆಂಬರ್‌ನಲ್ಲಿ ಬಂದ 19ನೇ ಆವೃತ್ತಿ ಅದನ್ನು ಪರಿಗಣಿಸುವುದನ್ನೇ ಬಿಟ್ಟಿತು. ಆ ಕೆಲಸವನ್ನು ಟೈಪ್‌ಸ್ಕ್ರಿಪ್ಟ್ ವಹಿಸಿಕೊಂಡಿತ್ತು.

ಬಾಗಿಲಲ್ಲಿ ಒಮ್ಮೆ ಬಿಗಿಯಾಗಿ ಪರಿಶೀಲಿಸಿದ ಮೇಲೆ ಒಳಗಿನ ಪ್ರತಿ ಫಂಕ್ಷನ್ನಿನಲ್ಲೂ ಅದೇ ಪರೀಕ್ಷೆ ಮಾಡುವುದು ಬೇಡ. ಹಾಗೆ ತುಂಬಿದ ಕೋಡ್ ಓದಲು ಕಷ್ಟ, ಮುಖ್ಯ ತರ್ಕವೇ ಅದರಲ್ಲಿ ಮುಚ್ಚಿಹೋಗುತ್ತದೆ.

ಇಂದಿನ ಸ್ಥಿತಿ

ಟೈಪ್ ಬರಹವನ್ನು ಭಾಷೆಯ ವ್ಯಾಕರಣಕ್ಕೆ ಸೇರಿಸಿ, ಎಂಜಿನ್ ಅದನ್ನು ಕಾಮೆಂಟ್‌ನಂತೆ ಓದಿ ಬಿಡುವಂತೆ ಮಾಡಬೇಕೆಂಬ ಪ್ರಸ್ತಾವ 2022ರ ಮಾರ್ಚ್‌ನಲ್ಲಿ ಟಿಸಿ39 ಮುಂದೆ ಬಂದು ಮೊದಲ ಹಂತಕ್ಕೆ ಒಪ್ಪಿಗೆ ಪಡೆಯಿತು. ನೋಡ್ ಅದಕ್ಕೆ ಕಾಯಲಿಲ್ಲ. ಟೈಪ್‌ಗಳನ್ನು ತೆಗೆದುಹಾಕಿ ಟೈಪ್‌ಸ್ಕ್ರಿಪ್ಟ್ ಫೈಲನ್ನು ನೇರವಾಗಿ ಓಡಿಸುವ ಸೌಲಭ್ಯ 2024ರಲ್ಲಿ 22.6 ಆವೃತ್ತಿಯಲ್ಲಿ ಪ್ರಯೋಗವಾಗಿ ಬಂತು, 2025ರ ಜನವರಿಯ 23.6ರಲ್ಲಿ ತಾನಾಗಿಯೇ ಜಾರಿಯಾಗುವಂತಾಯಿತು. ಅಲ್ಲಿ ಟೈಪ್‌ಗಳನ್ನು ಅಳಿಸಲಾಗುತ್ತದೆಯೇ ಹೊರತು ಪರಿಶೀಲಿಸುವುದಿಲ್ಲ. ಪರಿಶೀಲನೆ ಬೇಕೆಂದರೆ ಕಂಪೈಲರನ್ನು ಪ್ರತ್ಯೇಕವಾಗಿ ಓಡಿಸಬೇಕು. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಕಂಪೈಲರನ್ನು ಗೋ ಭಾಷೆಯಲ್ಲಿ ಮರುರೂಪಿಸುತ್ತಿರುವುದಾಗಿ, ವೇಗ ಸುಮಾರು 10 ಪಟ್ಟು ಹೆಚ್ಚುವುದಾಗಿ ಪ್ರಕಟಿಸಿತು.

ಟೈಪ್‌ಆಫ್ ನಲ್‌ನ ಉತ್ತರ ಇಂದಿಗೂ "ಆಬ್ಜೆಕ್ಟ್". ಈ ಭಾಷೆಯನ್ನು ಕಲಿಯುತ್ತಿರುವವರು ಮೂಲ ಬಗೆಗೆ ಟೈಪ್‌ಆಫ್, ಅರೇಗೆ ಈಸ್‌ಅರೇ, ತಮ್ಮದೇ ಕ್ಲಾಸ್‌ಗೆ ಇನ್‌ಸ್ಟನ್ಸ್‌ಆಫ್ ಬಳಸುವುದನ್ನು ಮೊದಲು ರೂಢಿಸಿಕೊಳ್ಳಲಿ; ಟೈಪ್‌ಸ್ಕ್ರಿಪ್ಟ್ ಕೈಗೆತ್ತಿಕೊಂಡ ದಿನವೇ, ಹೊರಗಿನಿಂದ ಬರುವ ಮಾಹಿತಿಗೆ ಓಡುವಾಗಿನ ತಪಾಸಣೆಯನ್ನೂ ಬರೆಯಲಿ.